ಮಡ್ಡಿಯ ಹಲ್ಲಿಗೆ ಅದರದೇ ಹೆಸರು ಬೇಕು

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಬೆಳಗಾವಿ ಜಿಲ್ಲಾ ಪುಟದಲ್ಲಿ, ಗೋಕಾಕ ತಾಲ್ಲೂಕಿನ ಮಡ್ಡಿಯೊಂದರಲ್ಲಿ (ಕಲ್ಲು-ಹುಲ್ಲಿನ ಒಣ ದಿಬ್ಬದಲ್ಲಿ) ಓದುಗರೊಬ್ಬರು ತೆಗೆದ ಹಲ್ಲಿಯ ಚಿತ್ರ ಅಚ್ಚಾಗಿತ್ತು. ಒಣಗಿದ ಕರಡದ ನಡುವೆ, ಮೈಯ ಎರಡೂ ಬದಿಗೆ ತಿಳಿ ಬಣ್ಣದ ಪಟ್ಟೆಗಳಿದ್ದ, ಉದ್ದ ಬಾಲದ ಆ ಪುಟ್ಟ ಜೀವಿಯ ಚಿತ್ರ ಬಹಳ ಚೆನ್ನಾಗಿ ಮೂಡಿತ್ತು. ಆದರೆ ಅದರ ಕೆಳಗೆ 'ಗೋಕಾಕದಲ್ಲಿ ಕಂಡ ಅಪರೂಪದ ಏಷ್ಯಾ ಹುಲ್ಲುಹಲ್ಲಿ' ಎಂಬ ಅಡಿಬರಹವಿತ್ತು. ಮೊಬೈಲಿನ ಆ್ಯಪ್ ಒಂದು ಸೂಚಿಸಿದ ಹೆಸರನ್ನೇ ಚಿತ್ರ ಕಳುಹಿಸಿದವರು ಬರೆದಿರಬಹುದು ಎಂದು ನನ್ನ ಊಹೆ. ಇಲ್ಲಿನ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ, ಈ ಮಡ್ಡಿಗಳನ್ನೇ ಸುತ್ತಿದವನಾಗಿ ಆ ಅಡಿಬರಹವನ್ನು ತಿದ್ದುವುದು ನನ್ನ ಕರ್ತವ್ಯವೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ಏಷ್ಯಾದ ಹುಲ್ಲುಹಲ್ಲಿಗಳೆಂದರೆ ಟ್ಯಾಕಿಡ್ರೋಮಸ್ ಕುಲಕ್ಕೆ ಸೇರಿದವು. ಜಪಾನ್, ಕೊರಿಯಾ, ಚೀನಾ, ತೈವಾನ್‌ಗಳಿಂದ ವಿಯೆಟ್ನಾಂ, ಇಂಡೋನೇಷ್ಯಾದವರೆಗೆ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಭಾರತದಲ್ಲಿ ಇವು ಇರುವುದು ಮುಖ್ಯವಾಗಿ ಈಶಾನ್ಯ ಭಾಗದಲ್ಲಿ. ಅಲ್ಲಿನ ಒಂದು ಪ್ರಭೇದಕ್ಕೆ ಖಾಸಿ ಬೆಟ್ಟಗಳ ಹೆಸರೇ ಬಂದಿದೆ. 1802ರಲ್ಲಿ ವಿಜ್ಞಾನಕ್ಕೆ ಪರಿಚಯವಾದ 'ಆರು ಗೆರೆಯ' ಹುಲ್ಲುಹಲ್ಲಿಯ ಬಾಲ ಅದರ ಮೈಯ ಮೂರು ಪಟ್ಟಿಗಿಂತಲೂ ಉದ್ದ. ಎತ್ತರದ ಹುಲ್ಲಿನ ಎಸಳಿನಿಂದ ಎಸಳಿಗೆ ದಾಟುವಾಗ ಮೈಭಾರವನ್ನು ಹಂಚಿಕೊಳ್ಳಲು ಆ ಬಾಲವೇ ಅದಕ್ಕೆ ಆಧಾರ. ಈ ಕುಲದ ಪ್ರಭೇದಗಳನ್ನು ಬೇರ್ಪಡಿಸುವವರು ಹೊಟ್ಟೆಯ ಹುರುಪೆಗಳ ಮೇಲಿನ ಏಣುಗಳನ್ನೂ ತೊಡೆಯ ಸಂದಿನಲ್ಲಿರುವ ಸಣ್ಣ ರಂಧ್ರಗಳು ಎಷ್ಟು ಜೋಡಿ ಎಂಬುದನ್ನೂ ಎಣಿಸುತ್ತಾರೆ. ಅಷ್ಟಾದರೂ ತಪ್ಪುವುದುಂಟು. ತೈವಾನಿನಲ್ಲಿ ಬಹುಕಾಲ ಒಂದೇ ಪ್ರಭೇದವೆಂದು ತಿಳಿದಿದ್ದ ಹುಲ್ಲುಹಲ್ಲಿಯಲ್ಲಿ ವಾಸ್ತವವಾಗಿ ಮೂರು ಪ್ರಭೇದಗಳು ಅಡಗಿದ್ದವೆಂದು 2008ರಲ್ಲಿ ಗೊತ್ತಾಯಿತು.

ತಾವು ಅಚ್ಚು ಮಾಡಿದ ಚಿತ್ರದಲ್ಲಿರುವುದು ಇದೇ ಕುಟುಂಬದ, ಆದರೆ ಬೇರೆ ಕುಲದ ಹಲ್ಲಿ. ಇದರ ಕುಲ ಓಫಿಸಾಪ್ಸ್. ಗ್ರೀಕಿನಲ್ಲಿ ಹಾವಿನ ಕಣ್ಣು ಎಂಬರ್ಥ ಬರುವ ಹೆಸರಾದುದರಿಂದ ಕನ್ನಡದಲ್ಲಿ ಹಾವುಗಣ್ಣಿನ ಹಲ್ಲಿ ಎನ್ನಬಹುದು. ಆ್ಯಪ್ ಪೂರ್ತಿ ದಾರಿ ತಪ್ಪಿದೆ ಎಂದು ನಾನು ಹೇಳಲಾರೆ. ದಾಯಾದಿಯ ಮನೆಯ ಬಾಗಿಲು ತಟ್ಟಿದೆ, ಅಷ್ಟೇ. ಆದರೆ ಅಸ್ಸಾಂ, ಮೇಘಾಲಯದ ತೇವದ ಹುಲ್ಲಿನಲ್ಲಿರುವ ಹಲ್ಲಿಗೂ ನಮ್ಮ ಒಣ ಮಡ್ಡಿಯ ಹಲ್ಲಿಗೂ ಅಂತರ ದೊಡ್ಡದು.

ಈ ಹಲ್ಲಿಯ ಗುರುತು ನನಗೆ ಮೊದಲು ಹೇಳಿಕೊಟ್ಟದ್ದು ಯಾವ ಪಠ್ಯಪುಸ್ತಕವೂ ಅಲ್ಲ, ಕುರಿ ಕಾಯುವ ಹುಡುಗ. ಬೇಸಿಗೆಯ ಒಂದು ಬೆಳಿಗ್ಗೆ ಕಲ್ಲಿನ ಮೇಲೆ ಬಿಸಿಲು ಕಾಯುತ್ತಿದ್ದ ಹಲ್ಲಿಯನ್ನು ಒಂದು ಮಾರು ದೂರದಲ್ಲಿ ಕುಳಿತು ನೋಡುತ್ತಿದ್ದಾಗ, ನನ್ನ ಪಕ್ಕದಲ್ಲಿದ್ದ ಅವನು 'ಸರ್, ಇದು ಕಣ್ಣ ಪಿಳುಕಸಂಗಿಲ್ರೀ' ಎಂದ. ಆತ ಹೇಳಿದ್ದು ಅಕ್ಷರಶಃ ನಿಜ. ಹಾವುಗಣ್ಣಿನ ಹಲ್ಲಿಯ ಕೆಳರೆಪ್ಪೆ ಪಾರದರ್ಶಕ ಪೊರೆಯಾಗಿ ಕಣ್ಣಿಗೆ ಕನ್ನಡಕದಂತೆ ಅಂಟಿಕೊಂಡಿರುವುದರಿಂದ ಅದು ಹಾವಿನಂತೆಯೇ ರೆಪ್ಪೆ ಬಡಿಯುವುದಿಲ್ಲ. ಅದೇ ಬಂಡೆಯ ಇನ್ನೊಂದು ಮಗ್ಗುಲಲ್ಲಿ ಓತಿಕ್ಯಾತವಿದ್ದರೆ ಅದು ಕಣ್ಣು ಮುಚ್ಚಿ ತೆರೆಯುವುದನ್ನು ಯಾರಾದರೂ ನೋಡಬಹುದು. ಹಾವುಗಣ್ಣಿನ ಹಲ್ಲಿಯ ತಲೆಯ ಮೇಲೆ ಹಾವಿಗಿರುವಂತೆ ದೊಡ್ಡ, ಜೋಡಿಸಿಟ್ಟ ಹುರುಪೆಗಳಿದ್ದರೆ ಓತಿಕ್ಯಾತದ ತಲೆಯ ಮೇಲೆ ಸಣ್ಣ ಸಣ್ಣ ಒರಟು ಹುರುಪೆಗಳಿರುತ್ತವೆ. ಹಿಡಿಯಹೋದರೆ ಹಾವುಗಣ್ಣಿನ ಹಲ್ಲಿ ಬಾಲ ಕಳಚಿಕೊಂಡು ಓಡುತ್ತದೆ; ಆದ್ದರಿಂದ ದಯವಿಟ್ಟು ಯಾರೂ ಹಿಡಿಯಬಾರದು, ನೋಡಿದರೆ ಸಾಕು. ನುಣುಪಾಗಿ ಎಣ್ಣೆ ಹಚ್ಚಿದಂತೆ ಹೊಳೆಯುವುದು ಹಾವುರಾಣಿ; ವಿಷವೇ ಇಲ್ಲದ ಆ ಬಡಪಾಯಿಯನ್ನು ನಮ್ಮ ಊರುಗಳಲ್ಲಿ ಇಂದಿಗೂ ಕಲ್ಲಿನಿಂದ ಜಜ್ಜುವುದನ್ನು ಕಂಡಾಗ ನೋವಾಗುತ್ತದೆ.

ಇಷ್ಟೆಲ್ಲ ವಿವರ ಒಂದು ಅಡಿಬರಹಕ್ಕೆ ಏಕೆ ಎಂದು ತಮಗೆ ಅನ್ನಿಸಬಹುದು. ಕಾರಣ ಗೋಕಾಕದಲ್ಲೇ ಇದೆ. ಅಡ್ಡಮಳೆ ಬಿದ್ದು ಮಿರಗ (ಮೃಗಶಿರ ಮಳೆ) ಕೂಡುವುದರೊಳಗೆ ನಮ್ಮ ಮಡ್ಡಿಗಳಲ್ಲಿ ಒಂದು ಬಗೆಯ ಓತಿಕ್ಯಾತದ ಗಂಡು ಎತ್ತರದ ಕಲ್ಲನ್ನು ಹುಡುಕಿ ಏರಿ, ಮುಂಗಾಲು ಚಾಚಿ ಎದೆ ಎತ್ತಿ ನಿಂತು, ಗಂಟಲಿನ ಕೆಳಗಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಮಡಚಿ ಮಾಡುತ್ತದೆ. ಎದುರಾಳಿ ಬಂದರೆ ಇನ್ನೂ ಜೋರಾಗಿ ಬಿಚ್ಚುತ್ತದೆ, ಹೆಣ್ಣು ಬಂದರೆ ಅದರೆದುರು ನಿಂತು ಬಿಚ್ಚುತ್ತದೆ. ಹಿಂಗಾಲಿಗೆ ನಾಲ್ಕೇ ಬೆರಳಿರುವುದು ಇದರ ಖಚಿತವಾದ ಗುರುತು. ಸಿಟಾನಾ ಎಂಬ ಈ ಕುಲಕ್ಕೆ 1829ರಲ್ಲಿ ಹೆಸರಿಟ್ಟ ಮೇಲೆ ಬಹುಕಾಲ ಭಾರತದ ಬಹುಪಾಲು ಬೀಸಣಿಗೆ ಗಂಟಲಿನ ಓತಿಗಳನ್ನು ಪುದುಚೇರಿಯ ಹೆಸರು ಹೊತ್ತ ಒಂದೇ ಪ್ರಭೇದಕ್ಕೆ ಸೇರಿಸಲಾಗುತ್ತಿತ್ತು. 2016ರಲ್ಲಿ ಸಂಶೋಧಕರಾದ ವಿ. ದೀಪಕ್, ವರದ ಗಿರಿ ಮತ್ತು ಸಂಗಡಿಗರು ಇವನ್ನು ಮರುಪರಿಶೀಲಿಸಿ, ನೀಲಿ, ಕಪ್ಪು, ಕೆಂಪು ಬಣ್ಣದ ದೊಡ್ಡ ಬೀಸಣಿಗೆಯುಳ್ಳವನ್ನು ಸರಡಾ ಎಂಬ ಬೇರೆ ಕುಲವಾಗಿ ವಿಂಗಡಿಸಿದರು. ಆ ಹೆಸರಿಗೆ ಮರಾಠಿಯಲ್ಲಿ ಓತಿಕ್ಯಾತವೆಂದೇ ಅರ್ಥ; ಮರಾಠಿ ಬಲ್ಲ ಬೆಳಗಾವಿಯವರಿಗೆ ಅದನ್ನು ಹೇಳಬೇಕಾಗಿಲ್ಲ. 2018ರಲ್ಲಿ ದೀಪಕ್, ಪ್ರವೀಣ್ ಕಾರಂತ ಮತ್ತಿತರರು ವಿವರಿಸಿದ ಹೊಸ ಪ್ರಭೇದಗಳಲ್ಲೊಂದರ ಹೆಸರು ಸಿಟಾನಾ ಗೋಕಾಕೆನ್ಸಿಸ್! ಜಲಪಾತಕ್ಕೂ ಕರದಂಟಿಗೂ ಹೆಸರಾದ ನಮ್ಮ ಊರಿನ ಹೆಸರನ್ನು ಒಂದು ಓತಿಕ್ಯಾತ ಜಗತ್ತಿನ ವಿಜ್ಞಾನದಲ್ಲಿ ಹೊತ್ತು ನಿಂತಿದೆ. ಹೊರನೋಟಕ್ಕೆ ನೆಂಟರಂತೆಯೇ ಕಾಣುವ ಇದನ್ನು ಬೇರೆಯೆಂದು ಖಚಿತಪಡಿಸಿಕೊಳ್ಳಲು ಡಿಎನ್ಎ ಪರೀಕ್ಷೆಯ ನೆರವೂ ಬೇಕಾಯಿತು. ಈ ಸಂಗತಿ ಗೋಕಾಕದ ಎಷ್ಟು ಮಂದಿಗೆ ಗೊತ್ತು? ನನ್ನ ಶಾಲೆಯಲ್ಲಿ ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ, ಮತ್ತು ಅದು ಮಕ್ಕಳ ತಪ್ಪಲ್ಲ.

ಹೆಸರು ತಪ್ಪಿದರೆ ನೆಲವೂ ತಪ್ಪುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಊರಿನ ಗಾಯರಾಣದಲ್ಲಿ (ದನ ಮೇಯುವ ಊರೊಟ್ಟಿನ ಹುಲ್ಲುನೆಲದಲ್ಲಿ) ಎರಡು ವರ್ಷದ ಹಿಂದೆ, ಸರಕಾರಿ ಇಲಾಖೆಯೊಂದು ಅದನ್ನು ಪಾಳುಭೂಮಿಯೆಂದು ಬಗೆದು, ಯಂತ್ರ ತರಿಸಿ ಸಾಲುಗುಂಡಿ ತೋಡಿಸಿ ಸಸಿ ನೆಡಿಸಿತು. ನಾನು ಪ್ರತಿ ಬೇಸಿಗೆ ಬೀಸಣಿಗೆ ಓತಿಯನ್ನು ನೋಡುತ್ತಿದ್ದ ಕಲ್ಲುಗಳೆಲ್ಲ ಗುಂಡಿಯ ದಂಡೆಗೆ ಮಣ್ಣಿನಡಿ ಸೇರಿದವು. ಹೋದ ವರ್ಷವೂ ಈ ವರ್ಷವೂ ಅಲ್ಲಿ ಒಂದೇ ಒಂದು ಗಂಡನ್ನು ನಾನು ಕಾಣಲಿಲ್ಲ. ಸಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಣಗಿವೆ. ಗಿಡ ನೆಡುವುದನ್ನು ನಾನು ವಿರೋಧಿಸುವವನಲ್ಲ, ಆದರೆ ಮರವಿಲ್ಲದ ನೆಲವೆಲ್ಲ ಹಾಳಾದ ನೆಲವಲ್ಲ. ಕೇಂದ್ರ ಸರಕಾರ ಹೊರತಂದಿರುವ ಪಾಳುಭೂಮಿ ಅಟ್ಲಾಸ್‌ನಲ್ಲಿ ಕುರುಚಲು ಭೂಮಿಯೂ ಬರಡು ಬಂಡೆ ಪ್ರದೇಶವೂ ಪಾಳುಭೂಮಿಯ ವರ್ಗಗಳಾಗಿಯೇ ಇವೆ. ಇದೇ ಹಾವುಗಣ್ಣಿನ ಹಲ್ಲಿಗಳ ವಂಶಾವಳಿಯನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ ಈಶಾನ್ ಅಗರವಾಲ್ ಮತ್ತು ಉಮಾ ರಾಮಕೃಷ್ಣನ್ ಅವರು ಭಾರತದ ಹುಲ್ಲುಗಾವಲುಗಳು ಬಹು ಪ್ರಾಚೀನವೆಂಬುದಕ್ಕೆ ಈ ಹಲ್ಲಿಗಳೇ ಆಧಾರ ಒದಗಿಸುತ್ತವೆ ಎಂದು ತೋರಿಸಿದ್ದಾರೆ. ಕಾಡು ಕಡಿದು ಉಳಿದ ಬಯಲು ಎಂದು ನಾವು ತಿಳಿದಿರುವ ಹುಲ್ಲುನೆಲ ಮನುಷ್ಯನಿಗಿಂತ ಹಳೆಯದು. 'ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ' ಎಂಬುದು ನಮ್ಮ ಗಾದೆ. ಇಲ್ಲಿ ನೆಲಕ್ಕೆ ಹಲ್ಲಿಯೇ ಸಾಕ್ಷಿಯಾಗಿದೆ.

ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಎಂಬ ಹುಲ್ಲೆಗಳಿಗಾಗಿ ಕುರುಚಲು ಕಾಡನ್ನೇ ವನ್ಯಜೀವಿ ಧಾಮವಾಗಿ ಘೋಷಿಸಿರುವುದು ನಮ್ಮ ಭಾಗದಲ್ಲಿ ಇಂಥ ನೆಲಕ್ಕೆ ಸಿಕ್ಕ ದೊಡ್ಡ ಮನ್ನಣೆ. ಓತಿಕ್ಯಾತಕ್ಕೆ ಧಾಮ ಬೇಕೆಂದು ನಾನು ಕೇಳುತ್ತಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಯ ಸಮಿತಿ ಊರಿನ ಜೀವಿಗಳ ದಾಖಲಾತಿ ಪುಸ್ತಕ ಸಿದ್ಧಪಡಿಸಬೇಕು. ನಾನು ನೋಡಿದ ಅಂಥ ಒಂದು ಪುಸ್ತಕದಲ್ಲಿ 'ಹಲ್ಲಿ, ಓತಿಕ್ಯಾತ' ಎಂಬ ಎರಡು ಪದಗಳಲ್ಲಿ ಈ ಲೋಕವೆಲ್ಲ ಮುಗಿದಿತ್ತು. ಕುರಿಗಾರರನ್ನು ಕೂರಿಸಿಕೊಂಡು ಕೇಳಿದರೆ ಆ ಪುಟ ತುಂಬುತ್ತದೆ. ಗಾಯರಾಣಕ್ಕೆ ಯಂತ್ರ ಇಳಿಸುವ ಮೊದಲು ಆ ಪುಟವನ್ನು ತೆರೆದು ನೋಡುವ ನಿಯಮವಾದರೂ ನಮ್ಮ ಜಿಲ್ಲೆಯಲ್ಲಿ ಬರಲಿ.

ಚಿತ್ರ ಕಳುಹಿಸುವ ಓದುಗರಲ್ಲಿ ನನ್ನ ಕೋರಿಕೆ ಸಣ್ಣದು. ಬೆನ್ನಿನ ಚಿತ್ರದ ಜೊತೆಗೆ ಸಾಧ್ಯವಾದರೆ ಕಣ್ಣು, ಹಿಂಗಾಲಿನ ಬೆರಳು ಮತ್ತು ಗಂಟಲು ಕಾಣುವ ಚಿತ್ರವನ್ನೂ ತೆಗೆಯಿರಿ. ದಿನಾಂಕವನ್ನೂ ಆ ನೆಲ ಎರೆಯೋ (ಕಪ್ಪು ಮಣ್ಣು) ಮಸಾರಿಯೋ (ಕೆಂಪು ಮಣ್ಣು) ಕಲ್ಲುಮಡ್ಡಿಯೋ ಎಂಬುದನ್ನೂ ಬರೆಯಿರಿ. ತಮ್ಮ ಚಿತ್ರದ ಹಲ್ಲಿ ಹಾವುಗಣ್ಣಿನ ಹಲ್ಲಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದರಲ್ಲಿ ಯಾವ ಪ್ರಭೇದ ಎಂಬುದನ್ನು ಬೆನ್ನಿನ ಒಂದೇ ಚಿತ್ರದಿಂದ ತೀರ್ಮಾನಿಸಲಾಗದು. ಅಷ್ಟನ್ನೇ ತಿದ್ದುಪಡಿಯಾಗಿ ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕ
ಗೋಕಾಕ ತಾಲ್ಲೂಕು, ಬೆಳಗಾವಿ ಜಿಲ್ಲೆ