ದೊಡ್ಡಪ್ಪನ ಕಾಗದ: ಪೆಟ್ರೋಲ್ ಜಾಸ್ತಿ ಮಾಡುವ ಮುಂಚೆ

ಚಿರಂಜೀವಿ ಪುಟ್ಟಿಗೆ,

ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನೀನು ಕಳಿಸಿದ ಗಾಡಿಯ ಲಾಗ್ ಫೈಲನ್ನು ಎರಡು ಸಲ ಕೂತು ನೋಡಿದೆ. ಹೊಸ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂರಿಸಿದ್ದೀಯ, ಹೊಗೆ ನೋಡಿ ಗಾಳಿ-ಪೆಟ್ರೋಲ್ ಅನುಪಾತ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿದ್ದೀಯ, ನೀನೇ ಟ್ಯೂನ್ ಮಾಡಲು ಹೊರಟಿದ್ದೀಯ. ತುಂಬಾ ಖುಷಿಯಾಯಿತು. ಆದರೆ ಕೊನೆಯಲ್ಲಿ ಬರೆದ ಒಂದು ಮಾತು ಓದಿ ಎದೆ ಧಸಕ್ ಅಂತು. "ಐಡಲಿಂಗ್‌ನಲ್ಲಿ ಮೀಟರ್ 16.2 ತೋರಿಸ್ತಿತ್ತು, ಶೇಕಡಾ 12 ಪೆಟ್ರೋಲ್ ಜಾಸ್ತಿ ಮಾಡಿದೆ, ಈಗಲೂ 16 ಇದೆ, ಇನ್ನೂ ಹೆಚ್ಚಿಸ್ತೀನಿ" ಅಂದಿದ್ದೀಯಲ್ಲ, ಅದು.

ಅಲ್ಲೇ ನಿಲ್ಲಿಸು ಕಂದ. ಈ ಕಾಗದ ಓದಿ ಮುಗಿಸುವವರೆಗೆ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಕಂಪ್ಯೂಟರಿಗೆ ಹೇಳುವ ಆ ಟೇಬಲ್ ಮುಟ್ಟಬೇಡ.

ಸ್ವಲ್ಪ ಲೆಕ್ಕ ಹಾಕು. ಮೀಟರಿನ ಅಂಕಿ ಅಂದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ. 14.7 ಇದ್ದರೆ ಸರಿಸಮ, ಅದಕ್ಕಿಂತ ಹೆಚ್ಚಾದರೆ ಲೀನ್ (ಪೆಟ್ರೋಲ್ ಕಡಿಮೆ), ಇಳಿದರೆ ರಿಚ್ (ಪೆಟ್ರೋಲ್ ಜಾಸ್ತಿ). 16.2 ಇದ್ದಾಗ ಶೇಕಡಾ 12 ಪೆಟ್ರೋಲ್ ಹೆಚ್ಚಿಸಿದರೆ ಮೀಟರ್ 14.5ರ ಹತ್ತಿರ ಬರಬೇಕು. ಸೆನ್ಸರ್ ನೋಡಿ ಕಂಪ್ಯೂಟರ್ ತಾನೇ ಪೆಟ್ರೋಲ್ ತಿದ್ದುವ ಕ್ಲೋಸ್ಡ್ ಲೂಪ್ ಆಫ್ ಇಟ್ಟಿದ್ದೀಯ, ಅದು ಲಾಗ್‌ನಲ್ಲೇ ಕಾಣುತ್ತಿದೆ. ಹಾಗಾಗಿ ನೀನು ಕೊಟ್ಟಿದ್ದನ್ನು ಕಂಪ್ಯೂಟರ್ ವಾಪಸ್ ಕಿತ್ತುಕೊಂಡಿಲ್ಲ. ಅಷ್ಟು ಪೆಟ್ರೋಲ್ ಒಳಗೆ ಹೋಗಿದೆ, ಮೀಟರ್ ಮಾತ್ರ ಅಲ್ಲಾಡಿಲ್ಲ. ಅಂದರೆ ತೊಂದರೆ ಪೆಟ್ರೋಲಿನದ್ದಲ್ಲ ಅಂತ ನಿನ್ನ ಗಾಡಿಯೇ ಹೇಳುತ್ತಿದೆ.

ಆ ಸೆನ್ಸರ್ ಪೆಟ್ರೋಲನ್ನು ಅಳೆಯುವುದೇ ಇಲ್ಲ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡುತ್ತದೆ. ಅದರ ಮೇಲೆ 'ಇಷ್ಟು ಗಾಳಿಗೆ ಇಷ್ಟು ಪೆಟ್ರೋಲ್ ಇದ್ದಿರಬೇಕು' ಅಂತ ಸೆನ್ಸರಿನ ಜೊತೆಗಿರುವ ಕಂಟ್ರೋಲರ್ ಲೆಕ್ಕ ಕಟ್ಟುತ್ತದೆ. ಸಿಲಿಂಡರ್ ಒಳಗೆ ಎಲ್ಲ ಸರಿಯಾಗಿ ಉರಿದಿದ್ದರೆ ಆ ಲೆಕ್ಕ ಸರಿ. ಉರಿಯದೇ ಹೋದರೆ? ಬಳಕೆಯಾಗದ ಗಾಳಿ ಹಾಗೇ ಆಚೆ ಬರುತ್ತದೆ. ಜೊತೆಗೆ ಪೆಟ್ರೋಲೂ ಬರುತ್ತದೆ, ಆದರೆ ಸೆನ್ಸರಿಗೆ ಎದ್ದು ಕಾಣುವುದು ಆಮ್ಲಜನಕ. ಹಾಗಾಗಿ 'ಲೀನ್' ಅನ್ನುತ್ತದೆ. ನಾವು ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತೇವೆ. ಪ್ಲಗ್ ಒದ್ದೆಯಾಗಿ ಇನ್ನೂ ಜಾಸ್ತಿ ಮಿಸ್ಸಿಂಗ್ ಬರುತ್ತದೆ. ಸೆನ್ಸರ್ ಇನ್ನೂ ಲೀನ್ ಅನ್ನುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಮೊದಲ ಗಾಡಿಯಲ್ಲಿ ಎರಡು ಸಂಜೆ ಇದೇ ಕೆಲಸ ಮಾಡಿದೆ. ಮೂರನೇ ದಿನ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿತ್ತು. ಬೆರಳಿಗೆ ಹಚ್ಚಿಕೊಂಡರೆ ನೀರಿನ ಹಾಗೆ ಜಾರುತ್ತಿತ್ತು, ಮೂಗಿನ ಹತ್ತಿರ ತಂದರೆ ಪೆಟ್ರೋಲ್ ವಾಸನೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗೆ ಇಳಿದಿತ್ತು. ಪ್ಲಗ್ ಬಿಚ್ಚಿದೆ. ಮೂರು ಕಂದು ಬಣ್ಣಕ್ಕಿದ್ದವು, ಒಂದು ಕಪ್ಪಗೆ ಒದ್ದೆಯಾಗಿತ್ತು. ಅದರ ಬಿಳಿ ಪಿಂಗಾಣಿಯನ್ನು ಒರೆಸಿ ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿತು. ಕಿಡಿ ಅಲ್ಲೇ ಹಾದು ಸೋರಿ ಹೋಗುತ್ತಿತ್ತು. ಒಂದು ಪ್ಲಗ್ ಬದಲಾಯಿಸಿದ್ದರೆ ಮುಗಿಯುತ್ತಿದ್ದ ಕೆಲಸ. ಅಷ್ಟರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಿತ್ತು. ಎಂಜಿನ್‌ನಲ್ಲಿ ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಉರಿದು ಜೇನುಗೂಡಿನಂಥ ಭಾಗವನ್ನೇ ಕರಗಿಸಿತ್ತು. ಅವತ್ತಿನ ಬೇಜಾರು ನನಗೆ ಇನ್ನೂ ಮರೆತಿಲ್ಲ.

ನಿನ್ನ ವಿಷಯದಲ್ಲಿ ಇನ್ನೊಂದು ಅನುಮಾನ ನನಗೆ ಅದಕ್ಕಿಂತ ಜಾಸ್ತಿ. ಮ್ಯಾನಿಫೋಲ್ಡ್ ಹೊಸದು. ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯಾ? ಲೀಕ್ ಇದ್ದರೆ ಹೊಗೆ ಆಚೆ ಬರಬೇಕು, ಗಾಳಿ ಹೇಗೆ ಒಳಗೆ ಹೋಗುತ್ತದೆ ಅಂತ ನೀನು ಕೇಳಬಹುದು. ಹೊಗೆ ಪೈಪಿನಲ್ಲಿ ನಲ್ಲಿ ನೀರಿನ ಹಾಗೆ ಒಂದೇ ಸಮ ಹರಿಯುವುದಿಲ್ಲ, ಒಂದೊಂದೇ ಸಿಲಿಂಡರಿನಿಂದ ದಬ್ ದಬ್ ಅಂತ ಬರುತ್ತದೆ. ಒಂದು ಹೊಡೆತ ಮುಂದೆ ಹೋದ ಮೇಲೆ ಅದರ ಹಿಂದೆ ಒತ್ತಡ ಕುಸಿಯುತ್ತದೆ. ಆ ಗಳಿಗೆಯಲ್ಲಿ ಸಣ್ಣ ಸಂದಿಯಿಂದಲೂ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಐಡಲಿಂಗ್‌ನಲ್ಲಿ ಹೊಗೆಯೇ ಕಡಿಮೆ, ಹಾಗಾಗಿ ಸ್ವಲ್ಪ ಗಾಳಿ ಸೇರಿದರೂ ಲೆಕ್ಕ ತಲೆಕೆಳಗು. ರೇಸ್ ಮಾಡಿದಾಗ ಮೀಟರ್ ಸರಿಯಾಗಿ ತೋರಿಸಿ, ಐಡಲಿಂಗ್‌ನಲ್ಲಿ ಮಾತ್ರ ಲೀನ್ ಅಂದರೆ ಮೊದಲು ಇದನ್ನೇ ನೋಡು.

ನಾಳೆ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮ್ಯಾನಿಫೋಲ್ಡ್ ಕಡೆ ಕಿವಿ ಕೊಡು. 'ಟಿಕ್ ಟಿಕ್' ಅಂತ ಶಬ್ದ ಬಂದು, ಬಿಸಿಯಾದ ಮೇಲೆ ನಿಂತು ಹೋದರೆ ಲೀಕ್ ಇದೆ ಅಂತ ಅನುಮಾನ ಪಡು. ಲೋಹ ಬಿಸಿಗೆ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಟಾರ್ಚ್ ಹಿಡಿದು ಜೋಡಣೆಯ ಅಂಚು ನೋಡು, ಲೀಕ್ ಇರುವ ಕಡೆ ಮಸಿಯ ಗೆರೆ ಬಿದ್ದಿರುತ್ತದೆ. ಇನ್ನೂ ಗೊತ್ತಾಗದಿದ್ದರೆ ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಸೈಲೆನ್ಸರ್ ಬಾಯಿಗೆ ಬ್ಲೋವರ್ ಇಟ್ಟು ಗಾಳಿ ಊದು. ಜೋಡಣೆಗಳ ಮೇಲೆ ಸೋಪಿನ ನೀರು ಸವರು. ಗುಳ್ಳೆ ಎದ್ದ ಕಡೆ ತೂತು. ಇನ್ನೊಂದು ಮಾತು, ಅಲ್ಲಿಗೆ ಮಾತ್ರ ದಯವಿಟ್ಟು ಸಿಲಿಕೋನ್ ಹಚ್ಚಬೇಡ. ಮಾಮೂಲಿ ಸಿಲಿಕೋನ್ ಸೀಲಂಟಿನ ಆವಿ ಸೆನ್ಸರಿಗೆ ವಿಷ. ಲೀಕ್ ನಿಲ್ಲಿಸಲು ಹೋಗಿ ಸೆನ್ಸರನ್ನೇ ಕೊಂದವರನ್ನು ನೋಡಿದ್ದೇನೆ.

ಸೆನ್ಸರ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಅದನ್ನು ಪೈಪಿಗೆ ಸಿಕ್ಕಿಸಿ, ಕಂಟ್ರೋಲರ್‌ಗೆ ವೈರ್ ಕೊಡದೆ ಒಂದು ವಾರ ಗಾಡಿ ಓಡಿಸಿದೆ ಅಂತ ಬರೆದಿದ್ದೀಯ. ಇನ್ನೊಮ್ಮೆ ಹಾಗೆ ಮಾಡಬೇಡಮ್ಮ. ನಿನ್ನ ಹತ್ತಿರ ಇರುವುದು ಬಾಷ್ ಎಲ್‌ಎಸ್‌ಯು 4.9. ಒಳಗಿನ ಸೆರಾಮಿಕ್ ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತದೆ, ಹೀಟರ್ ಅದನ್ನು ಆ ಬಿಸಿಯಲ್ಲಿ ಹಿಡಿದಿಡುತ್ತದೆ. ಹೀಟರ್ ಇಲ್ಲದೆ ಹೊಗೆಯಲ್ಲಿ ಕೂತರೆ ಮಸಿ ಕಟ್ಟುತ್ತದೆ. ವೈರ್ ಕೊಡಲು ಆಗದಿದ್ದರೆ ಸೆನ್ಸರ್ ಬಿಚ್ಚಿ ಆ ತೂತಿಗೆ ಬೋಲ್ಟ್ ಹಾಕು, ಅದರದ್ದು 18 ಮಿಲಿಮೀಟರ್, 1.5 ಪಿಚ್ ಥ್ರೆಡ್. ಮತ್ತೆ ಹಾಕುವಾಗ ಸೆನ್ಸರಿನ ವೈರ್ ಇರುವ ತಲೆ ಮೇಲಿರಲಿ, ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಎತ್ತರಕ್ಕೆ. ತಣ್ಣನೆಯ ಪೈಪಿನಲ್ಲಿ ನೀರು ಕಟ್ಟುತ್ತದೆ, ಕೆಂಪಗೆ ಕಾದ ಸೆರಾಮಿಕ್ ಮೇಲೆ ಆ ನೀರು ಬಿದ್ದರೆ ಸೀಳಿ ಹೋಗುತ್ತದೆ. ಕನೆಕ್ಟರ್ ಕತ್ತರಿಸಬೇಡ, ಆ ಸೆನ್ಸರಿನ ಕ್ಯಾಲಿಬ್ರೇಷನ್ ರೆಸಿಸ್ಟರ್ ಅದರೊಳಗೇ ಇದೆ.

ಹಳೆಯ ನ್ಯಾರೋಬ್ಯಾಂಡ್ ಸೆನ್ಸರ್ ಇಟ್ಟುಕೊಂಡು ಫುಲ್ ಥ್ರಾಟಲ್ ಟ್ಯೂನ್ ಮಾಡಬಹುದಾ ಅಂತ ಕೇಳಿದ್ದೀಯ. ಆಗಲ್ಲ. 1976ರಲ್ಲಿ ಬಾಷ್‌ನವರು ಅಂಥ ಸೆನ್ಸರ್ ತಯಾರಿಸಲು ಶುರು ಮಾಡಿದರು, ವೋಲ್ವೋ ಕಾರಿನಲ್ಲಿ ಅದು ಮೊದಲು ಬಂತು. ಅದಕ್ಕೆ ವಹಿಸಿದ್ದು ಒಂದೇ ಕೆಲಸ. ಮಿಶ್ರಣ ಸರಿಸಮಕ್ಕಿಂತ ಆಚೆಯೋ ಈಚೆಯೋ ಹೇಳುವುದು. ರಿಚ್ ಆದರೆ 0.9 ವೋಲ್ಟ್ ಹತ್ತಿರ, ಲೀನ್ ಆದರೆ 0.1 ಹತ್ತಿರ, ನಡುವೆ 0.45ರಲ್ಲಿ ಧಡಕ್ಕನೆ ತಿರುಗುತ್ತದೆ. ಎಷ್ಟು ರಿಚ್ ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಸೆನ್ಸರ್ ಬಿಸಿ ಬದಲಾದರೆ ಆ ವೋಲ್ಟೇಜೂ ಬದಲಾಗುತ್ತದೆ.

ನಿನ್ನ ಮೀಟರಿಗೂ ಲ್ಯಾಪ್‌ಟಾಪಿಗೂ 0.4 ವ್ಯತ್ಯಾಸ ಬರುತ್ತಿದೆ ಅಂದೆಯಲ್ಲ, ಅದು ಅರ್ಥ್ ತೊಂದರೆ ಅಂತ ನನಗೆ ಅನಿಸುತ್ತದೆ. ನಿನ್ನ ಕಂಟ್ರೋಲರ್ 0ರಿಂದ 5 ವೋಲ್ಟ್‌ನಲ್ಲಿ 10ರಿಂದ 20ರವರೆಗೆ ಕಳಿಸುತ್ತದೆ. 0.1 ವೋಲ್ಟ್ ಆಚೀಚೆ ಆದರೆ 0.2 ತಪ್ಪಾಯಿತು. ಗಾಡಿ ಸ್ಟಾರ್ಟ್‌ನಲ್ಲಿಟ್ಟು ಹೆಡ್‌ಲೈಟ್ ಹಾಕು, ಗಾಡಿಯ ಒಳಗಿನ ಎಸಿ ಬ್ಲೋವರ್ ಹಾಕು. ಲ್ಯಾಪ್‌ಟಾಪಿನ ಅಂಕಿ ಮಾತ್ರ ಜರುಗಿದರೆ ಕಂಟ್ರೋಲರಿನ ಅರ್ಥ್ ವೈರನ್ನು ಬಾಡಿಯಿಂದ ತೆಗೆದು, ಎಂಜಿನ್ ಕಂಪ್ಯೂಟರಿನ (ಇಸಿಯು) ಅರ್ಥ್ ಇರುವ ಕಡೆಗೇ ಕೊಡು.

ಎಥನಾಲ್ ಬೆರೆತ ಪೆಟ್ರೋಲಿಗೆ ಗುರಿ 14.1 ಇಡಬೇಕಾ ಅನ್ನುವುದು ನಿನ್ನ ಇನ್ನೊಂದು ಪ್ರಶ್ನೆ. ಶೇಕಡಾ 10 ಎಥನಾಲ್ ಇದ್ದರೆ ನಿಜವಾದ ಸರಿಸಮ ಅನುಪಾತ ಸುಮಾರು 14.1, ಅದು ಹೌದು. ಆದರೆ ಮೀಟರಿಗೆ ಟ್ಯಾಂಕಿನಲ್ಲಿ ಏನಿದೆ ಅಂತ ಗೊತ್ತಿಲ್ಲ. ಅದು ಲ್ಯಾಂಬ್ಡಾ, ಅಂದರೆ ಸರಿಸಮಕ್ಕೆ ಹೋಲಿಸಿದರೆ ಗಾಳಿ ಎಷ್ಟು ಪಟ್ಟು ಇದೆ ಅನ್ನುವುದನ್ನು, ಅಳೆದು ಸುಮ್ನೆ 14.7ರಿಂದ ಗುಣಿಸಿ ತೋರಿಸುತ್ತದೆ. ಮೀಟರಿನಲ್ಲಿ 14.1 ತರಲು ಹೋದರೆ ಶೇಕಡಾ 4ರಷ್ಟು ರಿಚ್ ಆಗುತ್ತದೆ. ಮೀಟರನ್ನು ಲ್ಯಾಂಬ್ಡಾಗೆ ಬದಲಾಯಿಸಿಕೊಂಡು ಬಿಡು, ಯಾವ ಇಂಧನಕ್ಕಾದರೂ ಸರಿಸಮ ಅಂದರೆ 1.

ಆಕ್ಸಿಲರೇಟರ್ ಬಿಟ್ಟಾಗ ಮೀಟರ್ ಪೂರ್ತಿ ಲೀನ್‌ಗೆ ಹೋಗುವುದನ್ನು ನೋಡಿ ಗಾಬರಿಯಾಗಬೇಡ. ಇಂಜೆಕ್ಟರ್ ಆಗ ಮುಚ್ಚಿರುತ್ತದೆ, ಪೈಪಿನಲ್ಲಿ ಬರೀ ಗಾಳಿ. ಲಾಗ್ ನೋಡಿ ಟೇಬಲ್ ತಿದ್ದುವಾಗ ಹೊಗೆ ಸೆನ್ಸರ್‌ವರೆಗೆ ಬರಲು ಹೊತ್ತು ಹಿಡಿಯುತ್ತದೆ ಅನ್ನುವುದೂ ನೆನಪಿರಲಿ. ಈಗ ತೋರಿಸುತ್ತಿರುವ ಅಂಕಿ ಸ್ವಲ್ಪ ಹಿಂದಿನದು, ಟೇಬಲಿನ ಬೇರೆ ಖಾನೆಯದು.

ಫುಲ್ ಥ್ರಾಟಲ್ ಮಾತ್ರ ಸದ್ಯಕ್ಕೆ ಬೇಡವೇ ಬೇಡ. ಸೆನ್ಸರ್ ನಿಜ ಹೇಳುತ್ತಿದೆ ಅಂತ ಖಾತ್ರಿ ಇಲ್ಲದೆ ಲೋಡ್ ಕೊಟ್ಟು, ನಿಜಕ್ಕೂ ಲೀನ್ ಇದ್ದರೆ ನಾಕಿಂಗ್ (ಸಿಲಿಂಡರ್ ಒಳಗೆ ತಾನಾಗೇ ಸಿಡಿದು ಬಡಿಯುವುದು) ಬಂದು ಪಿಸ್ಟನ್ ಹೋಗಲು ಜಾಸ್ತಿ ಹೊತ್ತು ಬೇಡ. ರಸ್ತೆಯಲ್ಲಿ ಟೆಸ್ಟ್ ಮಾಡುವಾಗ ಲ್ಯಾಪ್‌ಟಾಪ್ ಇನ್ನೊಬ್ಬರ ಕೈಯಲ್ಲಿರಲಿ, ನಿನ್ನ ಕಣ್ಣು ರಸ್ತೆಯ ಮೇಲಿರಲಿ. ಶೆಡ್ಡಿನ ಬಾಗಿಲು ಮುಚ್ಚಿ ಒಂದು ನಿಮಿಷವೂ ಎಂಜಿನ್ ಓಡಿಸಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ ಕಣಮ್ಮ.

ಈಗ ಆ ಶೇಕಡಾ 12 ವಾಪಸ್ ತೆಗೆ. ಆಯಿಲ್ ವಾಸನೆ ನೋಡು, ಪೆಟ್ರೋಲ್ ಬಂದರೆ ಸ್ಟಾರ್ಟ್ ಮಾಡುವ ಮುಂಚೆ ಬದಲಾಯಿಸು. ಲೀಕ್ ಹುಡುಕು. ನಾಲ್ಕೂ ಪ್ಲಗ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಯಾವುದು ಯಾವ ಸಿಲಿಂಡರಿನದು ಅಂತ ಪಕ್ಕದಲ್ಲಿ ಬರೆದು, ಬಿಸಿಲಿನಲ್ಲಿ ಫೋಟೋ ತೆಗೆದು ಕಳಿಸು. ನೋಡಿದ ತಕ್ಷಣ ಫೋನ್ ಮಾಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ