ಬಾಯಿಗೆ ಇನ್ನೂ ‘ಅವರು’ ಅಂತಲೇ ಬರುತ್ತದೆ

ಪ್ರೀತಿಯ ಸೀನ,

ಹಾಸನದಲ್ಲಿ ಮೂರು ದಿನದಿಂದ ಬಿಡದೆ ಸೋನೆ ಮಳೆ. ಅಂಗಡಿಗೆ ಯಾರೂ ಬರುತ್ತಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ವಿಷಯಕ್ಕೆ ನಿನ್ನ ಜೊತೆ ಎಲ್ಲರೆದುರಿಗೆ ಜಗಳ ಆಡಿದವನು ನಾನು. ನಿನ್ನ ಮಾತೇ ಸರಿ ಅನ್ನುವುದನ್ನೂ ಎಲ್ಲರೆದುರಿಗೇ ಹೇಳಬೇಕು ಅಲ್ವಾ? ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಐಫೋನ್ ಮಾಡುವ ಆಪಲ್ ಕಂಪನಿಯನ್ನು ಮುನ್ನಡೆಸಿದ ಟಿಮ್ ಕುಕ್ ವಿಷಯ ಕಣೋ.

ನೀನು ಯಾವಾಗಲೂ ‘ಅವನು’ ಅನ್ನುತ್ತಿದ್ದೆ. ನಾನು ‘ಅವರು’ ಅಂತ ತಿದ್ದುತ್ತಿದ್ದೆ. 2016ರ ಫೆಬ್ರವರಿ ನೆನಪಿದೆಯಾ? ಮಹಾರಾಜ ಪಾರ್ಕ್ ಹತ್ತಿರ ಚುರುಮುರಿ ಪೊಟ್ಟಣ ಹಿಡಿದುಕೊಂಡು, ಅವರು ಗ್ರಾಹಕರಿಗೆ ಬರೆದ ಪತ್ರವನ್ನು ನಿನಗೆ ಸಾಲು ಸಾಲಾಗಿ ಓದಿ ಹೇಳಿದ್ದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ 14 ಜನ ಸತ್ತಿದ್ದರು. ಕೊಂದವರಲ್ಲಿ ಒಬ್ಬನ ಐಫೋನ್ ತೆರೆಯಲು ದಾರಿ ಮಾಡಿಕೊಡಿ ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೋರ್ಟ್ ಆದೇಶವನ್ನೇ ತಂದಿತ್ತು. ಒಂದು ಫೋನಿಗೆ ಅಂತ ಮಾಡಿದ ಕೀಲಿ ಎಲ್ಲರ ಫೋನಿಗೂ ಆಗುತ್ತದೆ, ನಾವು ಮಾಡಿಕೊಡುವುದಿಲ್ಲ ಅಂದರು ಕುಕ್. ಸರ್ಕಾರ ಎದುರಿಗೆ ನಿಂತಾಗ ‘ಇಲ್ಲ’ ಅಂದ ಮನುಷ್ಯ. ಆವತ್ತು ನನ್ನ ಎದೆ ಉಬ್ಬಿತ್ತು, ನನ್ನ ಅಣ್ಣನೇ ಅಂದಿದ್ದಾನೇನೋ ಅನ್ನುವ ಹಾಗೆ.

ಇನ್ನೊಂದು ಕಾರಣ ದೊಡ್ಡಪ್ಪ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋದ ಮೇಲೆ ನನ್ನ ಹಳೇ ಐಫೋನಿನಲ್ಲಿ ವಾಯ್ಸ್‌ಓವರ್ ಹಾಕಿಕೊಟ್ಟೆ. ಬೆರಳಿಟ್ಟ ಜಾಗದಲ್ಲಿ ಏನಿದೆ ಅಂತ ಅದು ಓದಿ ಹೇಳುತ್ತದೆ. ಎರಡು ಸಲ ತಟ್ಟಿದರೆ ತೆರೆಯುತ್ತದೆ. ಅವರು ತಾವೇ ಹುಡುಕಿ ಮಾಡಿದ ಮೊದಲ ಫೋನ್ ನಿನಗೇ ಬಂದಿದ್ದು, ಗೊತ್ತಲ್ಲ. 2014ರಲ್ಲಿ ಷೇರುದಾರರ ಸಭೆಯಲ್ಲಿ ಯಾರೋ ಲಾಭದ ಲೆಕ್ಕ ಕೇಳಿದಾಗ, ಕಣ್ಣು ಕಾಣದವರಿಗೆ ಫೋನ್ ಬಳಸಲು ಬರುವ ಹಾಗೆ ಮಾಡುವಾಗ ನಾನು ಲಾಭ ನೋಡುವುದಿಲ್ಲ ಅಂದಿದ್ದರು ಕುಕ್. ಲಾಭವೊಂದೇ ಬೇಕಾದವರು ಷೇರು ಮಾರಿಕೊಂಡು ಹೋಗಲಿ ಅಂತಲೂ ಅಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, ತಾನು ಸಲಿಂಗಿ, ಅದಕ್ಕೆ ಹೆಮ್ಮೆ ಇದೆ ಅಂತ ಬರೆದರು. ಇಂಥವರನ್ನು ‘ಅವನು’ ಅನ್ನಲು ನನಗೆ ನಾಲಿಗೆ ಬರುತ್ತಿರಲಿಲ್ಲ.

ಸರ್ಕಾರ ಕೇಳಿದರೆ ಅವನೂ ಬಗ್ಗುತ್ತಾನೆ ಅಂತ ನೀನು ಮೊದಲೇ ಹೇಳಿದ್ದೆ. 2017ರಲ್ಲಿ ಚೀನಾ ಕೇಳಿತು ಅಂತ ಅಲ್ಲಿನ ಆಪ್ ಸ್ಟೋರ್‌ನಿಂದ, ಸರ್ಕಾರ ತಡೆದ ವೆಬ್‌ಸೈಟ್‌ಗಳನ್ನು ನೋಡಲು ಜನ ಬಳಸುವ ವಿಪಿಎನ್ ಆಪ್‌ಗಳನ್ನು ತೆಗೆದಾಗ ಹೇಳಿದ್ದೆ. 2019ರಲ್ಲಿ, ಪೊಲೀಸರು ಎಲ್ಲಿದ್ದಾರೆ ಅಂತ ಹಾಂಗ್‌ಕಾಂಗ್ ಜನರಿಗೆ ತೋರಿಸುತ್ತಿದ್ದ ಮ್ಯಾಪ್ ಆಪ್ ತೆಗೆದಾಗಲೂ ಹೇಳಿದ್ದೆ. ಅಲ್ಲಿನ ಕಾನೂನು ಹಾಗಿದೆ, ಅವರೇನು ಮಾಡ್ತಾರೆ ಅಂತ ನಾನು ವಾದ ಮಾಡಿದ್ದೆ. ತಪ್ಪು ನನ್ನದು. ನನಗೆ ಕಾಣಿಸಿತ್ತು, ನೋಡಲು ಇಷ್ಟ ಇರಲಿಲ್ಲ.

2025ರ ಜನವರಿಯಲ್ಲಿ ಟ್ರಂಪ್ ಪದಗ್ರಹಣಕ್ಕೆ ಅವರು ಸ್ವಂತ ದುಡ್ಡು 10 ಲಕ್ಷ ಡಾಲರ್ ಕೊಟ್ಟರು ಅಂತ ಓದಿದಾಗಲೂ ಸುಮ್ಮನಿದ್ದೆ. ಆಮೇಲೆ ಆಗಸ್ಟ್ 6ರ ವೀಡಿಯೊ ಬಂತು. ಅಂಗಡಿ ಬಾಗಿಲು ಹಾಕಿ ಒಬ್ಬನೇ ನೋಡಿದೆ. ಶ್ವೇತಭವನದಲ್ಲಿ ಅಧ್ಯಕ್ಷರ ಮೇಜಿನ ಮುಂದೆ ಕುಕ್ ಕಾಣಿಕೆಯ ಒಂದು ಬಿಳಿ ಪೆಟ್ಟಿಗೆ ತೆರೆಯುತ್ತಾರೆ. ದುಂಡನೆಯ ಗಾಜಿನ ಫಲಕ, ಅದನ್ನು ನಿಲ್ಲಿಸಲು 24 ಕ್ಯಾರೆಟ್ ಚಿನ್ನದ ಪೀಠ. ಪೀಠವನ್ನು ಮೇಜಿನ ಮೇಲಿಟ್ಟು ಗಾಜನ್ನು ತಾವೇ ಕೂರಿಸುತ್ತಾರೆ. ಆ ಕೈಗಳನ್ನೇ ನೋಡುತ್ತಿದ್ದೆ. ನಮ್ಮೂರಲ್ಲಿ ಪೇಟ ತೊಡಿಸುವಾಗ ಕೈ ಎಷ್ಟು ಜೋಪಾನವಾಗಿ ಇರುತ್ತದೆ, ಪೇಟ ಓರೆಯಾದರೆ ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಅಂತ, ಹಾಗೇ ಇತ್ತು.

ಅವರ ಕಷ್ಟ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. ಹೊರಗಿನಿಂದ ಅಮೆರಿಕಕ್ಕೆ ಬರುವ ಸಾಮಾನಿಗೆ ಟ್ರಂಪ್ ಹಾಕುವ ಸುಂಕದ ಕತ್ತಿ ತಲೆ ಮೇಲೆ ತೂಗುತ್ತಿತ್ತು. ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುವವರ ಸಂಬಳವೂ ಅದರಲ್ಲಿ ಸೇರಿದೆ. ಆದರೆ ಎರಡೇ ತಿಂಗಳಿಗೆ, ಅಕ್ಟೋಬರ್‌ನಲ್ಲಿ, ಐಸ್‌ಬ್ಲಾಕ್ ಆಪ್ ತೆಗೆದರು. ವಲಸಿಗರನ್ನು ಹಿಡಿಯುವ ಅಧಿಕಾರಿಗಳು ಎಲ್ಲಿ ಕಂಡರು ಅಂತ ಜನ ಒಬ್ಬರಿಗೊಬ್ಬರು ತಿಳಿಸುವ ಆಪ್ ಅದು. ಅಧಿಕಾರಿಗಳ ಜೀವಕ್ಕೆ ಅಪಾಯ ಅಂತ ಸರ್ಕಾರ ಕೇಳಿತು, ಇವರು ತೆಗೆದರು. 2016ರಲ್ಲಿ ಕೋರ್ಟ್ ಆದೇಶಕ್ಕೂ ಬಗ್ಗದವರು ಇವರೇನಾ? ಇಷ್ಟು ದುಡ್ಡು, ಇಷ್ಟು ಹೆಸರು, ಇಷ್ಟು ವಕೀಲರು ಇರುವವರೇ ‘ಇಲ್ಲ’ ಅನ್ನದಿದ್ದರೆ ಇನ್ಯಾರು ಅನ್ನಬೇಕು ಸೀನ?

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ.

ಆ ವೀಡಿಯೊ ಬರುವುದಕ್ಕೂ ಹಿಂದಿನ ವರ್ಷ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಅಂಗಡಿಗೆ ಬಂದಿದ್ದರು. ಕಾಲೇಜು ಮಕ್ಕಳು. ಅವರ ಊರಿನ ಕೆರೆ ಅಂಗಳಕ್ಕೆ ಮಣ್ಣು ಸುರಿದು ಸೈಟ್ ಮಾಡುತ್ತಿದ್ದರಂತೆ, ಅದರ ವಿರುದ್ಧ 20 ಫ್ಲೆಕ್ಸ್ ಬೇಕಿತ್ತು. ಫೈಲ್ ಚೆನ್ನಾಗಿ ಮಾಡಿಕೊಂಡು ಬಂದಿದ್ದರು, ಒಂದು ಕಾಗುಣಿತ ತಪ್ಪಿರಲಿಲ್ಲ. 500 ರೂಪಾಯಿ ಅಡ್ವಾನ್ಸ್ ತಗೊಂಡೆ. ಸಂಜೆ ಒಂದು ಫೋನ್ ಬಂತು. ಯಾರದ್ದು ಅಂತ ಬರೆಯುವುದಿಲ್ಲ. ಬೈಯಲಿಲ್ಲ, ಹೆದರಿಸಲೂ ಇಲ್ಲ. ‘ಅಂಗಡಿ ಲೈಸೆನ್ಸ್ ರಿನೀವಲ್ ಯಾವಾಗ ಅಣ್ಣ?’ ಅಂತ ಕೇಳಿದರು, ಅಷ್ಟೇ.

ಮಾರನೇ ದಿನ ಹುಡುಗಿ ಒಬ್ಬಳೇ ಬಂದಳು. ಮಷೀನ್ ಕೆಟ್ಟಿದೆಯಮ್ಮ ಅಂದೆ. ನನ್ನ ಬೆನ್ನ ಹಿಂದೆ ಮಷೀನ್ ಓಡುತ್ತಿತ್ತು ಸೀನ. ಅದರ ಹೆಡ್ ಆ ಕಡೆಯಿಂದ ಈ ಕಡೆಗೆ ಹೋಗುವ ಸದ್ದು ಅವಳಿಗೂ ಕೇಳಿಸುತ್ತಿತ್ತು, ನನಗೂ ಕೇಳಿಸುತ್ತಿತ್ತು. ಹಾಸನಾಂಬೆ ದರ್ಶನಕ್ಕೆ ಬರುವ ಭಕ್ತಾದಿಗಳಿಗೆ ಸ್ವಾಗತ ಕೋರುವ ಫ್ಲೆಕ್ಸ್ ಇಳಿಯುತ್ತಿತ್ತು, ಮೂಲೆಯಲ್ಲಿ ಅದೇ ಫೋನಿನವರ ಫೋಟೊ. ಅವಳು ಒಂದು ಸಲ ಮಷೀನ್ ಕಡೆ ನೋಡಿದಳು. ‘ಪರವಾಗಿಲ್ಲ ಅಣ್ಣ’ ಅಂದು ಪೆನ್‌ಡ್ರೈವ್, 500 ರೂಪಾಯಿ ತಗೊಂಡು ಹೋದಳು.

ಆಮೇಲೆ ಒಂದು ಸಲ ಜೆರಾಕ್ಸ್‌ಗೆ ಬಂದಿದ್ದಳು. ‘ಎರಡು ಕಾಪಿ ಸಾರ್’ ಅಂದಳು. ಅಣ್ಣ ಹೋಗಿ ಸಾರ್ ಆಗಿತ್ತು.

ಇದನ್ನು ಮನೆಯಲ್ಲೂ ಹೇಳಿಲ್ಲ. ನಿನಗೆ ಹೇಳಲು ಕೂತಿದ್ದೂ ಇದಕ್ಕಲ್ಲ. ಆ ವೀಡಿಯೊ ನೋಡಿದ ರಾತ್ರಿ ನಿದ್ದೆ ಬರದೆ ಇದ್ದದ್ದು ಅಮೆರಿಕದ ಯೋಚನೆಯಿಂದ ಅಲ್ಲ ಅಂತ ಈಗ ಗೊತ್ತಾಗುತ್ತಿದೆ. ಆ ಕೆರೆಯ ಫೈಲ್ ನನ್ನ ಕಂಪ್ಯೂಟರ್‌ನಲ್ಲಿ ಇನ್ನೂ ಇದೆ. ಅಳಿಸಲು ಆಗಿಲ್ಲ.

ಸಾಕು. ದೊಡ್ಡಪ್ಪ ನಿನ್ನನ್ನು ಕೇಳುತ್ತಿರುತ್ತಾರೆ. ಈ ಸಲ ಮೆಣಸಿನ ಬಳ್ಳಿಯಲ್ಲಿ ಗೆರೆ ಚೆನ್ನಾಗಿ ಕಚ್ಚಿದೆಯಂತೆ, ಫೋನ್ ಕೈಗೆ ಬಂದ ಮೇಲೆ ಸಕಲೇಶಪುರದ ರೇಟ್ ನಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ಹಾಸನಾಂಬೆ ಬಾಗಿಲು ತೆರೆದಾಗ ಬಾ, ಬೆಳಗಿನ ಜಾವ ನಾಲ್ಕಕ್ಕೇ ಸಾಲಿಗೆ ನಿಲ್ಲೋಣ. ಬರುವಾಗ ಬೆಂಗಳೂರಿನಿಂದ ಏನೂ ತರಬೇಡ. ನನಗೆ ಕೊಡಬೇಕಾದ ಬೋಂಡದ ಸಾಲ ತೀರಿಸಿದರೆ ಸಾಕು.

ಅಮ್ಮ ಕಳಿಸಿದ ಕಾಫಿಪುಡಿ ತಲುಪಿತಾ? ತಿಳಿಸು.

ನಿನ್ನ,
ಮಂಜ