ಮಕ್ಕಳಿಗೆ ಭಯದ ಕತೆ ಬರೆಯುವವರಿಗೆ ಒಂದು ಪತ್ರ

ಪ್ರಿಯ ಮಿತ್ರರೇ,

ನಮಸ್ಕಾರ. ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗಾಗಿ ನೀವು ಬರೆಯುತ್ತಿರುವ ಹ್ಯಾಲೋವೀನ್ (ಅಕ್ಟೋಬರ್ 31ರ ರಾತ್ರಿ ಮಕ್ಕಳು ಭೂತಪ್ರೇತಗಳ ವೇಷ ತೊಡುವ ಹಬ್ಬ) ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿದೆ. ಅಮೆರಿಕದ ಲೇಖಕ ರೇ ಬ್ರಾಡ್‌ಬರಿಯವರ ‘ದಿ ಹ್ಯಾಲೋವೀನ್ ಟ್ರೀ’ ನಿಮಗೆ ಮಾದರಿಯೆಂದು ತಿಳಿಸಿದ್ದೀರಿ. 1972ರಲ್ಲಿ ಬಂದ ಆ ಪುಸ್ತಕ ನನಗೂ ಪ್ರಿಯವಾದದ್ದೇ. ಆದರೆ ನಿಮ್ಮ ಹಸ್ತಪ್ರತಿಯಲ್ಲಿ ಅದರ ಗುಣಗಳಿಗಿಂತ ದೋಷಗಳೇ ಹೆಚ್ಚಾಗಿ ಇಳಿದಿರುವುದರಿಂದ, ಅವುಗಳನ್ನು ಬಿಡಿಸಿ ಹೇಳುವುದು ಅಗತ್ಯವೆನಿಸಿತು.

ಆ ಕಾದಂಬರಿಯಲ್ಲಿ ನಿಜಕ್ಕೂ ಎದೆ ನಡುಗಿಸುವ ಜಾಗ ಯಾವುದೆಂದು ಮತ್ತೊಮ್ಮೆ ನೋಡಿ. ಅದು ಕುಂಬಳಕಾಯಿಯ ದೀಪಗಳು ತೂಗುವ ಆ ದೊಡ್ಡ ಮರವಲ್ಲ, ಈಜಿಪ್ಟಿನ ಮಮ್ಮಿಗಳೂ ಅಲ್ಲ. ವೇಷ ತೊಟ್ಟ ಎಂಟು ಹುಡುಗರು ಗೆಳೆಯ ಪಿಪ್ಕಿನ್‌ನನ್ನು ಕರೆಯಲು ಅವನ ಮನೆಗೆ ಹೋದಾಗ, ಎಲ್ಲರಿಗಿಂತ ಮುಂದೆ ಓಡಬೇಕಾದ ಆ ಹುಡುಗ ಬಿಳಿಚಿಕೊಂಡು, ಹೊಟ್ಟೆಯ ಬಲಬದಿಯನ್ನು ಕೈಯಿಂದ ಒತ್ತಿ ಹಿಡಿದು ಹೊರಗೆ ಬರುತ್ತಾನೆ. ನೀವು ಮುಂದೆ ನಡೆಯಿರಿ, ನಾನು ಬಂದು ಸೇರಿಕೊಳ್ಳುತ್ತೇನೆ ಎನ್ನುತ್ತಾನೆ. ಅಷ್ಟೇ. ದೆವ್ವವನ್ನು ನಂಬದ ಮಗುವೂ ಹೊಟ್ಟೆನೋವನ್ನು ಬಲ್ಲದು, ನಾಲ್ಕು ದಿನ ತರಗತಿಗೆ ಬಾರದ ಗೆಳೆಯನನ್ನೂ ಬಲ್ಲದು.

ದುರದೃಷ್ಟವೆಂದರೆ, ಮುಂದೆ ಬಹಳ ಪುಟಗಳವರೆಗೆ ಲೇಖಕರು ಈ ನೋವಿನ ಕೈಬಿಡುತ್ತಾರೆ. ಮೌಂಡ್‌ಶ್ರೌಡ್ ಎಂಬ ನಿಗೂಢ ವ್ಯಕ್ತಿ, ಕಾಣೆಯಾದ ಪಿಪ್ಕಿನ್‌ನನ್ನು ಹುಡುಕಲು ಹುಡುಗರನ್ನು ಈಜಿಪ್ಟಿಗೆ, ಡ್ರೂಯಿಡ್ ಎಂಬ ಪುರಾತನ ಪುರೋಹಿತರ ಕಾಲದ ಬ್ರಿಟನ್ನಿಗೆ, ಪ್ಯಾರಿಸಿನ ನೋತ್ರ್ ದಾಮ್ ಚರ್ಚಿಗೆ, ಕೊನೆಗೆ ಮೆಕ್ಸಿಕೋದ ಸತ್ತವರ ಹಬ್ಬಕ್ಕೆ ಕರೆದೊಯ್ಯುತ್ತಾನೆ. ಪಿಪ್ಕಿನ್ ಕಾಣುತ್ತಾನೆ, ಕೈತಪ್ಪುತ್ತಾನೆ. ಮುಂದಿನ ಊರಲ್ಲಿಯೂ ಅದೇ. ಹುಡುಗರು ಕೇಳುತ್ತಾರೆ, ಹಿರಿಯ ವಿವರಿಸುತ್ತಾನೆ, ಕತೆ ಪಾಠವಾಗುತ್ತದೆ. ಆ ಪಾಠವೂ ಎಲ್ಲೆಡೆ ಸರಿಯಿಲ್ಲ: ಹ್ಯಾಲೋವೀನಿನ ಮೂಲವೆನ್ನಲಾಗುವ, ಅಕ್ಟೋಬರ್ 31ರ ಸಂಜೆ ಆರಂಭವಾಗುವ ಸೌವಿನ್ ಎಂಬುದು ಸುಗ್ಗಿ ಮುಗಿದು ಚಳಿಗಾಲ ಹೊಕ್ಕುವ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಗೇಲಿಕ್ ಜನರ ಹಬ್ಬವೇ ಹೊರತು, ಕಾದಂಬರಿಯಲ್ಲಿ ಬರುವಂತೆ ಕುಡುಗೋಲು ಬೀಸುವ ಮೃತ್ಯುದೇವತೆಯಲ್ಲ.

ಎಂಟು ಹುಡುಗರಲ್ಲಿ ಟಾಮ್ ಸ್ಕೆಲ್ಟನ್‌ನನ್ನು ಬಿಟ್ಟರೆ ಉಳಿದವರು ತಮ್ಮ ವೇಷಗಳಿಂದ ಮಾತ್ರ ಗುರುತಾಗುತ್ತಾರೆ. ಹುಡುಗಿಯಂತೂ ಒಬ್ಬಳೂ ಇಲ್ಲ. 1993ರ ಅನಿಮೇಷನ್ ಚಿತ್ರದಲ್ಲಿ ಈ ಗುಂಪು ನಾಲ್ವರಿಗೆ ಇಳಿದು, ಅವರಲ್ಲೊಬ್ಬಳು ಹುಡುಗಿಯಾದಳು. ಪಿಪ್ಕಿನ್ ಜಗತ್ತಿನಲ್ಲೇ ಶ್ರೇಷ್ಠ ಹುಡುಗನೆಂದು ಲೇಖಕರು ಉದ್ಗಾರಗಳ ಮೇಲೆ ಉದ್ಗಾರ ಹೇರಿ ಕೊಂಡಾಡುತ್ತಾರೆ, ಆದರೆ ಓದುವ ಮಗುವಿಗೆ ಅವನ ಒಡನಾಟ ಸಿಗುವುದು ತೀರ ಕಡಿಮೆ.

ಇಷ್ಟಿದ್ದರೂ ಆ ಪುಸ್ತಕವನ್ನು ನಾನು ಕೈಬಿಡಲಾರೆ. ಕೊನೆಯಲ್ಲಿ ಗೆಳೆಯನನ್ನು ಉಳಿಸಿಕೊಳ್ಳಲು ಪ್ರತಿಯೊಬ್ಬ ಹುಡುಗನೂ ತನ್ನ ಆಯುಷ್ಯದ ತುದಿಯಿಂದ ಒಂದು ವರ್ಷವನ್ನು ಕೊಡಬೇಕಾಗುತ್ತದೆ, ಮತ್ತು ಪಿಪ್ಕಿನ್‌ನ ಹೆಸರಿರುವ ಸಕ್ಕರೆಯ ತಲೆಬುರುಡೆಯನ್ನು ಅವರು ಹಂಚಿಕೊಂಡು ತಿನ್ನುತ್ತಾರೆ. ಸಾವು ಇಲ್ಲಿ ಮತ್ತೆ ಮಕ್ಕಳ ಸ್ವಂತ ವ್ಯವಹಾರವಾಗುತ್ತದೆ. ಎಂಟೂ ಮಂದಿ ಇಷ್ಟು ಬೇಗ ಒಪ್ಪಬಾರದಿತ್ತು ಎಂಬುದೊಂದೇ ನನ್ನ ತಕರಾರು. ಒಬ್ಬನಾದರೂ ಹೆದರಿ ಹಿಂಜರಿದಿದ್ದರೆ, ಕೊಟ್ಟ ವರ್ಷಕ್ಕೆ ಬೆಲೆ ಬರುತ್ತಿತ್ತು.

ಈಗ ನಿಮ್ಮ ಹಸ್ತಪ್ರತಿಗೆ ಬರೋಣ. ನಿಮ್ಮ ಮೂರನೆಯ ಅಧ್ಯಾಯದಲ್ಲಿ ಅಜ್ಜ ಮಹಾಲಯ ಅಮಾವಾಸ್ಯೆಯನ್ನೂ ಹ್ಯಾಲೋವೀನನ್ನೂ ಹೋಲಿಸಿ ಮಾಡುವ ಭಾಷಣವನ್ನು ಪೂರ್ತಿ ತೆಗೆಯಿರಿ. ಅದರ ಬದಲು, ನಿಮ್ಮ ಕತೆಯ ಹುಡುಗಿ ತೀರಿಹೋದ ಅಜ್ಜಿಗೆಂದು ಎಲೆಯಲ್ಲಿ ಬಡಿಸಿಟ್ಟ ವಡೆಯನ್ನು ಮುಟ್ಟಲು ಹೋಗಿ ಕೈ ಹಿಂತೆಗೆಯುವ ಎರಡು ಸಾಲುಗಳನ್ನು, ಈಗ ನೀವು ಅವಸರದಲ್ಲಿ ದಾಟಿಸಿರುವುದನ್ನು, ಒಂದು ಪೂರ್ಣ ದೃಶ್ಯವಾಗಿ ಬೆಳೆಸಿ. ಅವಳ ತಮ್ಮ ಕಾಣೆಯಾಗುವ ಮೊದಲು ಕನಿಷ್ಠ ಒಂದು ಅಧ್ಯಾಯವಾದರೂ ಅಕ್ಕನೊಂದಿಗೆ ಜಗಳವಾಡಲಿ. ಏಳು ಮಂದಿ ಗೆಳೆಯರನ್ನು ಮೂವರಿಗೆ ಇಳಿಸಿ. ತಿದ್ದಿದ ಮೇಲೆ ಹತ್ತು ವರ್ಷದ ಒಂದು ಮಗುವಿನಿಂದ ಗಟ್ಟಿಯಾಗಿ ಓದಿಸಿ, ಅದು ಎಲ್ಲೆಲ್ಲಿ ಪುಟ ಹಾರಿಸಿತೆಂಬುದನ್ನು ಗುರುತುಹಾಕಿಕೊಂಡು, ಆ ಗುರುತುಗಳ ಸಹಿತವೇ ನನಗೆ ಕಳುಹಿಸಿ.

ಪ್ರೀತಿಯಿಂದ,
ನಿಮ್ಮ ಹಿರಿಯ ಮಿತ್ರ